ಎರಡು ನಿಮಿಷದ ಬಿಸಿ

ಜನವರಿ ೫, ಸೋಮವಾರ

ಈ ಪುಸ್ತಕ ಬಿಡಿಸಿಕೊಂಡು ಕೂತಿರುವವರು ಯಾರೇ ಆಗಿರಲಿ, ಮೊದಲು ಮುಚ್ಚಿ. ಇನ್ನೊಬ್ಬರು ಬರೆದಿಟ್ಟದ್ದರಲ್ಲಿ ಮೂಗು ತೂರಿಸುವುದನ್ನು ನಿಮಗೆ ಯಾವ ಮೇಷ್ಟ್ರು ಕಲಿಸಿದರೋ ತಿಳಿಯದು. ನಾನು ಹಳ್ಳಿಯ ಶಾಲೆಯಲ್ಲಿ ನಾಲ್ಕು ವರ್ಷ ಓದಿದೆ, ಅಲ್ಲಿ ಈ ಪಾಠ ಇರಲಿಲ್ಲ. ಮೊಮ್ಮಗಳಾಗಿದ್ದರೆ ಹೋಗಿ ಮಗ್ಗಿ ಬರಿ, ಹದಿನೇಳರದು ಇನ್ನೂ ನಿನಗೆ ಬಾಯಿಗೆ ಬಂದಿಲ್ಲ. ಮಗನಾಗಿದ್ದರೆ ನನಗೆ ಭಯವಿಲ್ಲ. ಬೇಕರಿಯಲ್ಲಿ ಹಿಟ್ಟು ನಾದುವ ಅವನು ಬ್ರೆಡ್ಡಿನ ಕವರಿನ ಮೇಲಿನ ತಾರೀಖು ಬಿಟ್ಟು ಬೇರೇನನ್ನೂ ಓದಿದವನಲ್ಲ. ಸೊಸೆಯಾಗಿದ್ದರೆ ಮಾತ್ರ ಓದು ಮಹಾತಾಯಿ. ಇವತ್ತಿನದೆಲ್ಲ ನಿನ್ನದೇ ಸುದ್ದಿ.

ಬರೆಯುತ್ತಿರುವುದು ಕಾರಿನಲ್ಲಿ ಕೂತು. ಬೆಳಗಿನ ಐದೂಕಾಲು. ಮನೆಯೊಳಗೆ ದೀಪ ಹಾಕಿದರೆ ಮೊಮ್ಮಗಳಿಗೆ ಎಚ್ಚರವಾಗುತ್ತದೆ. ಅಡುಗೆಮನೆಯ ನೆಲಕ್ಕೆ ಕಾಲಿಟ್ಟರೆ ಮಂಡಿಯವರೆಗೆ ಜುಮ್ಮೆನ್ನುತ್ತದೆ. ಈ ಕಾರು ನಮ್ಮದಲ್ಲ, ಸೊಸೆ ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನದು. ಅವಳು ಬೆಳಿಗ್ಗೆ ಆರಕ್ಕೆ ಹೊರಟು, ಖಾಲಿ ಹೊಟ್ಟೆಯಲ್ಲಿ ಕಾದು ಕೂತವರ ಮನೆಮನೆಗೆ ಹೋಗಿ, ರಕ್ತ ತೆಗೆದು ಲ್ಯಾಬಿಗೆ ಮುಟ್ಟಿಸಬೇಕು. ಮುಂಚೆ ಗಾಡಿ ಓಡಿಸಲು ಒಬ್ಬ, ಸೂಜಿ ಚುಚ್ಚಲು ಒಬ್ಬಳು ಇದ್ದರಂತೆ. ಈಗ ಎರಡೂ ಇವಳೇ. ಹಾಗಾಗಿ ಕಾರು ರಾತ್ರಿ ನಮ್ಮ ಮನೆಯ ಮುಂದೆಯೇ ನಿಲ್ಲುತ್ತದೆ.

ಹೋದ ತಿಂಗಳು ಚಳಿ ಶುರುವಾದಾಗ ಒಂದು ಬೆಳಿಗ್ಗೆ ಕಾರು ಮುಲುಕಿತೇ ಹೊರತು ಏಳಲಿಲ್ಲ. ಆಗ ಅವಳೇ ನನ್ನನ್ನು ಕೂರಿಸಿ ಹೇಳಿಕೊಟ್ಟಳು. "ಅತ್ತೆ, ನಾನು ತಲೆ ಬಾಚ್ಕೊಳ್ಳೋಷ್ಟರಲ್ಲಿ ಒಂದೆರಡು ನಿಮಿಷ ಸ್ಟಾರ್ಟ್ ಮಾಡಿ ಇಡ್ತೀರಾ? ಕೀ ಹೀಗೆ ತಿರುಗಿಸಿದ್ರೆ ಆಯ್ತು. ಬೇರೆ ಏನನ್ನೂ ಮುಟ್ಟಬೇಡಿ."

ಎರಡು ನಿಮಿಷವಂತೆ. ಐವತ್ತು ವರ್ಷ ಮನೆಮಂದಿಗೆಲ್ಲ ಸ್ನಾನದ ನೀರು ಕಾಯಿಸಿದವಳು ನಾನು. ಎರಡು ನಿಮಿಷದಲ್ಲಿ ಏನು ಕಾಯುತ್ತದೆ, ಏನು ಕಾಯುವುದಿಲ್ಲ ಎಂದು ನನಗೆ ಹೇಳಿಕೊಡಲು ಬಂದಳು. ಐದಕ್ಕೆ ಕೀ ತಿರುಗಿಸಿದರೆ ಐದೂಮುಕ್ಕಾಲಿಗೆ ಕಬ್ಬಿಣ ಒಳಗಿನವರೆಗೆ ಬಿಸಿಯಾಗಿರುತ್ತದೆ. ಒಂದು ಗುಂಡಿ ಇದೆ, ಅದನ್ನು ಕೆಂಪು ಗೆರೆಯ ಕಡೆ ತಿರುಗಿಸಿದರೆ ಕಾಲಿಗೆ ಬೆಚ್ಚನೆ ಗಾಳಿ ಬರುತ್ತದೆ. ಅದನ್ನು ಯಾರೂ ಹೇಳಿಕೊಡಲಿಲ್ಲ, ನಾನೇ ಕಂಡುಹಿಡಿದೆ.

ಇನ್ನು ಸುದ್ದಿ. ಶನಿವಾರ ಆಫೀಸಿನಿಂದ ಅವಳಿಗೊಂದು ಕಾಗದ ಬಂತು. ಮಳೆಗಾಲದಲ್ಲಿ ಲೀಟರಿಗೆ ಹದಿನಾರು ಕಿಲೋಮೀಟರ್ ಓಡುತ್ತಿದ್ದ ಕಾರು ಹೋದ ತಿಂಗಳು ಹತ್ತೇ ಓಡಿದೆ, ಮಿಕ್ಕ ಪೆಟ್ರೋಲು ಎಲ್ಲಿ ಹೋಯಿತೆಂದು ಬರವಣಿಗೆಯಲ್ಲಿ ತಿಳಿಸತಕ್ಕದ್ದು, ಎಂದಿತ್ತು. ಓದಿ ಮಡಿಚಿಟ್ಟಳು. ತುಟಿ ಪಿಟಕ್ಕೆನ್ನಲಿಲ್ಲ. ತಪ್ಪಿಲ್ಲದವಳಾದರೆ ಇಷ್ಟು ಹೊತ್ತಿಗೆ ಮನೆ ಹಾರಿಹೋಗುವಂತೆ ಕೂಗಾಡಬೇಕಿತ್ತು, ನಾನಾಗಿದ್ದರೆ ಕೂಗಾಡುತ್ತಿದ್ದೆ. ಇವಳ ತಮ್ಮನಿಗೊಂದು ಸ್ಕೂಟರ್ ಇದೆ. ಅದರ ಹೊಟ್ಟೆ ಎಲ್ಲಿ ತುಂಬುತ್ತದೆ ಎಂದು ನಾನು ಇದುವರೆಗೆ ಕೇಳಿರಲಿಲ್ಲ. ಕೇಳುವ ಕಾಲ ಬಂದಿದೆ.

ಜನವರಿ ೮, ಗುರುವಾರ

ಲ್ಯಾಬಿನ ಗಾಡಿಗಳನ್ನೆಲ್ಲ ನೋಡಿಕೊಳ್ಳುವ ಅಧಿಕಾರಿ ಸಂಜೆ ಮನೆಗೇ ಬಂದ. ಎರಡು ಸ್ವೆಟರ್, ಮೇಲೊಂದು ಕೋಟು, ಕುತ್ತಿಗೆಗೆ ಮಫ್ಲರ್. ಬಾಯಿ ತೆರೆದರೆ ಲೀಟರ್, ಮುಚ್ಚಿದರೆ ಕಿಲೋಮೀಟರ್. ನಾನು ಅವನಿಗೆ ಲೀಟರ್ ಸಾಹೇಬ ಎಂದು ಹೆಸರಿಟ್ಟಿದ್ದೇನೆ.

ಸೊಸೆ ಮೆಲ್ಲಗೆ ಹೇಳಿದಳು. "ಸರ್, ಚಳಿ ಜಾಸ್ತಿಯಾದಾಗ ಗಾಡಿ ಪೆಟ್ರೋಲು ಜಾಸ್ತಿ ತಗೊಳ್ಳುತ್ತೆ. ಎಲ್ಲಾ ಡ್ರೈವರ್‌ಗಳೂ ಹೇಳ್ತಾರೆ."

"ಕಾರಿಗೆ ಚಳಿ ಆಗುತ್ತೇನಮ್ಮ? ಅದು ಕಬ್ಬಿಣ," ಎಂದು ಸಾಹೇಬ ಮಫ್ಲರನ್ನು ಇನ್ನೊಂದು ಸುತ್ತು ಬಿಗಿದುಕೊಂಡ. ಆಮೇಲೆ ನನ್ನ ಕಡೆ ತಿರುಗಿದ. "ಮನೇಲಿ ಕ್ಯಾನು, ಪೈಪು ಏನಾದ್ರೂ ಇದೆಯಾ ಅಜ್ಜಿ?"

"ಪೈಪು ಬಚ್ಚಲಲ್ಲಿದೆ. ಕೈಕಾಲು ತೊಳ್ಕೊಂಡೇ ಬನ್ನಿ."

ತೊಳೆದುಕೊಳ್ಳಲಿಲ್ಲ. ಅಡುಗೆಮನೆ ನೋಡಿದ, ಅಟ್ಟ ನೋಡಿದ, ಕೊನೆಗೆ ಮಂಡಿಯೂರಿ ನನ್ನ ಮಂಚದ ಕೆಳಗೆ ತಲೆ ಹಾಕಿದ. ಡಬ್ಬಿಯೊಂದು ಕೈಗೆ ಸಿಕ್ಕಿತು. ಮುಚ್ಚಳ ತೆಗೆದು ಜೋರಾಗಿ ಮೂಸಿದ. ಕಣ್ಣಲ್ಲಿ ನೀರು ಸುರಿಯಿತು.

"ಏನಜ್ಜಿ ಇದು?"

"ಮಂಡಿಗೆ ಹಚ್ಚೋ ಎಣ್ಣೆ. ನಿಮ್ಮ ಕಾರಿಗೆ ಹಾಕಿ ನೋಡಿ. ಓಡಿದ್ರೆ ನನಗೂ ಒಂದು ಮಾತು ಹೇಳಿ, ನನ್ನ ಕಾಲು ಅದರಿಂದ ಇದುವರೆಗೆ ಓಡಿಲ್ಲ."

ಸಾಹೇಬ ಪುಸ್ತಕದಲ್ಲಿ ಬರೆದುಕೊಂಡ. ನಾನು ಇಣುಕಿದೆ. 'ಮಂಚದಡಿ ಒಂದು ಡಬ್ಬಿ. ಬಲವಾದ ವಾಸನೆ.' ಸರಕಾರ ನಡೆಸುವವನಂತೆ ಗೀಚಿದ್ದ. ಹೊರಡುವಾಗ ಬಾಗಿಲಲ್ಲಿ ನಿಂತು, ಸೊಸೆಗೆ ಕೇಳಿಸದಂತೆ, "ನಿಮಗೇನಾದ್ರೂ ಅವರ ಮೇಲೆ ಅನುಮಾನ ಇದೆಯಾ ಅಜ್ಜಿ?" ಎಂದ.

"ನನಗೆ ಎಲ್ಲರ ಮೇಲೂ ಇದೆಯಪ್ಪ. ನಿಮ್ಮ ಮೇಲೂ ಇದೆ."

ಸ್ಕೂಟರಿನ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಮನೆಯ ಜಗಳ ಮನೆಯವರಿಗೆ. ಕಂಡವರ ಡಬ್ಬಿ ಮೂಸುವವನ ಮುಂದೆ ಅದನ್ನು ಹರಡುವ ಹಾಗಿಲ್ಲ.

ಜನವರಿ ೧೦, ಶನಿವಾರ

ಆಫೀಸಿನವರು ಕಾರಿಗೆ ಪರೀಕ್ಷೆ ಇಟ್ಟರು. ಯಾವಾಗ ಇಟ್ಟರು ಅಂತೀರಿ? ಮಟಮಟ ಮಧ್ಯಾಹ್ನ, ಬಿಸಿಲು ಚೆನ್ನಾಗಿ ಏರಿದ ಮೇಲೆ. ಟ್ಯಾಂಕು ತುಂಬಿಸಿ, ಖಾಲಿ ದೊಡ್ಡ ರಸ್ತೆಯಲ್ಲಿ ಎಲ್ಲೂ ನಿಲ್ಲಿಸದೆ ಓಡಿಸಿಕೊಂಡು ಬಂದು, ಮತ್ತೆ ತುಂಬಿಸಿ ನೋಡಿದರಂತೆ. ಹದಿನೇಳು ಬಂತು. ಹಾಗಾದರೆ ಕಾರು ಗಟ್ಟಿಮುಟ್ಟಾಗಿದೆ, ಓಡಿಸುವವಳೇ ಕಳ್ಳಿ ಎಂದು ತೀರ್ಮಾನವೂ ಆಯಿತು. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ಬೆಳಗಿನ ಚಳಿ ಹುಡುಕಿದ ಬುದ್ಧಿವಂತರು.

ತಿಂಗಳ ಕೊನೆಯೊಳಗೆ ಪೆಟ್ರೋಲು ಎಲ್ಲಿ ಹೋಯಿತೆಂದು ತೋರಿಸಬೇಕು. ಇಲ್ಲದಿದ್ದರೆ ತಪ್ಪು ಒಪ್ಪಿಕೊಂಡು ಸಹಿ ಹಾಕಿ, ತಾನಾಗಿಯೇ ಕೆಲಸ ಬಿಡಬೇಕು. ಸಹಿಯನ್ನೂ ಹಾಕದಿದ್ದರೆ ಅವರೇ ಕಿತ್ತುಹಾಕಿ, ಊರಿನ ಬೇರೆ ಲ್ಯಾಬುಗಳಿಗೆಲ್ಲ ಕಾಗದ ಬರೆಯುತ್ತಾರಂತೆ, ಇವಳು ಇಂಥವಳು ಎಂದು.

ಮಗ ಬೇಕರಿಯಿಂದ ಬಂದು ಎಲ್ಲ ಕೇಳಿದ. "ಸಹಿ ಹಾಕಿಬಿಡು ಮಾರಾಯ್ತಿ, ತಲೆನೋವು ಯಾಕೆ," ಎಂದ. ದಿನವಿಡೀ ಒಲೆಯ ಮುಂದೆ ನಿಲ್ಲುವವನ ತಲೆಯೂ ಬೆಂದುಹೋಗುತ್ತದೆ.

ಅವಳು ಸೂಜಿ ಹಿಡಿಯುವುದನ್ನು ಕಲಿಯಲು ಎರಡು ವರ್ಷ ಓದಿದ್ದಾಳೆ. ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಓದಿದಳು. ಅದು ಬೇರೆ ವಿಷಯ. ಸ್ಕೂಟರಿನ ವಿಷಯ ಬೇರೆ. ಮಂಗಳವಾರ ನಾನೂ ಇವಳ ಜೊತೆ ಕಾರಿನಲ್ಲಿ ಹೋಗಿ ಕಣ್ಣಾರೆ ನೋಡುತ್ತೇನೆ. ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು, ಲ್ಯಾಬಿನವರೆಗೆ ಬರುತ್ತೇನೆ ಎಂದಿದ್ದೇನೆ. ಒಪ್ಪಿದ್ದಾಳೆ.

ಜನವರಿ ೧೩, ಮಂಗಳವಾರ

ಹೋಗಿ ಬಂದೆ. ಹದಿನಾಲ್ಕು ಮನೆ, ಮೂವತ್ತು ಕಿಲೋಮೀಟರ್. ದಾರಿಯಲ್ಲಿ ತಮ್ಮನೂ ಸಿಗಲಿಲ್ಲ, ಸ್ಕೂಟರೂ ಸಿಗಲಿಲ್ಲ. ಈ ಹೊತ್ತಿನಲ್ಲಿ ಆ ಸೋಮಾರಿ ಹಾಸಿಗೆಯಲ್ಲಿ ಇರುತ್ತಾನೆ, ಪೆಟ್ರೋಲು ತಂದುಕೊಟ್ಟರೂ ಬಾಗಿಲು ತೆಗೆಯುವವನಲ್ಲ.

ಕಾರು ಹೊರಟ ಕೂಡಲೇ ಸೊಸೆ ಕೆಂಪು ಗೆರೆಯ ಗುಂಡಿಯನ್ನು ತಣ್ಣಗಿನ ಕಡೆ ತಿರುಗಿಸಿದಳು. ನಾನು ಮತ್ತೆ ಕೆಂಪಿಗೆ ತಿರುಗಿಸಿದೆ. ಅವಳು ಮತ್ತೆ ತಣ್ಣಗೆ ಮಾಡಿದಳು.

"ಹಿಂದೆ ರಕ್ತದ ಡಬ್ಬ ಇದೆ ಅತ್ತೆ. ಅದು ತಂಪಾಗಿರಬೇಕು."

"ನಾವು ಹೆಣದ ಥರ ತಣ್ಣಗಾದ್ರೆ ಪರವಾಗಿಲ್ವಾ?"

"ನಮ್ಮನ್ನ ಯಾರೂ ಪರೀಕ್ಷೆಗೆ ಕಳಿಸಲ್ಲ ಅಲ್ವಾ," ಎಂದಳು. ಮೊದಲ ಬಾರಿಗೆ ಇವಳಿಗೂ ನಾಲಿಗೆ ಇದೆ ಎಂದು ತಿಳಿಯಿತು.

ಪ್ರತಿ ಮನೆಯ ಮುಂದೆ ನಿಲ್ಲಿಸಿ ಎಂಜಿನ್ ಆರಿಸುತ್ತಾಳೆ. ಹತ್ತು ನಿಮಿಷಕ್ಕೆ ಹಿಂತಿರುಗಿ ಬಂದು ಮತ್ತೆ ಹಚ್ಚುತ್ತಾಳೆ. ಅಷ್ಟರಲ್ಲಿ ಒಳಗೆ ಕೂತ ನನ್ನ ಹಲ್ಲು ಕಟಕಟ ಎನ್ನುತ್ತಿರುತ್ತದೆ. "ಆನ್ ಇಟ್ಟೇ ಹೋಗಬಾರದೇನೇ?" ಎಂದು ಎರಡನೇ ಮನೆಯ ಮುಂದೆ ಕೇಳಿದೆ. ಕೇಳಿಸದವಳಂತೆ ಹೋದಳು. ಮೂರನೇ ಮನೆಯಿಂದ ಮುಂದಕ್ಕೆ ಕೀ ಕಿತ್ತುಕೊಂಡೇ ಇಳಿಯತೊಡಗಿದಳು. ಅತ್ತೆಯ ಮೇಲೆ ಇವಳಿಗಿರುವ ನಂಬಿಕೆ ಅಷ್ಟು.

ಏಳನೇ ಮನೆಗೆ ಚಳಿ ತಡೆಯದೆ ನಾನೂ ಒಳಗೆ ಹೋದೆ. ಹಾಸಿಗೆ ಹಿಡಿದ ಒಬ್ಬ ಮುದುಕ. ತೋಳು ಚಾಚಿಕೊಂಡೇ ಕಾಯುತ್ತಿದ್ದ. ಸೊಸೆ ಸೂಜಿ ತೆಗೆಯುವ ಮೊದಲು ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು.

"ಏನಮ್ಮ, ಮರೆತುಹೋಯ್ತಾ?" ಎಂದ ಮುದುಕ.

"ಇಲ್ಲ ತಾತ. ಕೈ ಮಂಜುಗಡ್ಡೆ ಆಗಿದೆ. ಹಾಗೇ ಮುಟ್ಟಿದ್ರೆ ನೀವು ಹಾರಿಬೀಳ್ತೀರಿ."

"ಹಾರೋ ಶಕ್ತಿ ಇದ್ದಿದ್ರೆ ನಿನ್ನನ್ನ ಯಾಕೆ ಕರೀತಿದ್ದೆ," ಎಂದು ನಕ್ಕ.

ಹದಿನಾಲ್ಕು ಮನೆಯಲ್ಲೂ ಹಾಗೆಯೇ ನಿಂತಳು. ಬೆರಳ ತುದಿಗಳು ನೀಲಿಯಾಗಿದ್ದವು.

ಜನವರಿ ೧೪, ಬುಧವಾರ

ಸ್ಕೂಟರಿನ ಅನುಮಾನ ಬಿಟ್ಟಿದ್ದೇನೆ. ಹಾಗಾದರೆ ಕಳ್ಳ ಹೊರಗಿನವನು. ಕಾರು ಬಯಲಲ್ಲಿ ನಿಂತಿರುತ್ತದೆ, ಯಾವನೋ ಬಂದು ಪೈಪು ಹಾಕಿ ಎಳೆಯುತ್ತಿದ್ದಾನೆ. ಇವತ್ತಿನಿಂದ ಐದಕ್ಕೆ ಬದಲು ನಾಲ್ಕೂವರೆಗೇ ಬಂದು ಕಾರಿನಲ್ಲಿ ಕಾವಲು ಕೂತಿದ್ದೇನೆ. ಎಂಜಿನ್ ಓಡುತ್ತಿದ್ದರೆ ಕಳ್ಳನಿಗೂ ಭಯ. ಕಾಲಿಗೂ ಹಿತ.

ಆ ಹುಡುಗಿಗೆ ಉಣ್ಣೆಯ ಕೈಗವಸು ಹೆಣೆಯಬೇಕು. ಬೆರಳ ತುದಿ ಬಿಟ್ಟು. ಹೇಗೂ ನನಗೆ ಕೈಗೆ ಕೆಲಸವಿಲ್ಲ.

ಜನವರಿ ೧೬, ಶುಕ್ರವಾರ

ಕಾರನ್ನು ಸೊಸೆಯ ಪರಿಚಯದ ಮೆಕ್ಯಾನಿಕ್ ಹತ್ತಿರ ಒಯ್ದೆವು. ನಾನೇ ಹಟ ಹಿಡಿದು ಜೊತೆಗೆ ಹೋದೆ. ಇವಳನ್ನು ಒಬ್ಬಳೇ ಕಳಿಸಿದರೆ ಬಾಯಿ ಇಲ್ಲದವಳು, ಅವನು ಹೇಳಿದ್ದಕ್ಕೆಲ್ಲ ಗೋಣು ಹಾಕಿ ಬರುತ್ತಾಳೆ.

ಮೆಕ್ಯಾನಿಕ್ ಕೈಯೆಲ್ಲ ಕಪ್ಪು ಮಾಡಿಕೊಂಡು ಬಾನೆಟ್ ಒಳಗೆ ಇಣುಕಿದ. ಚಕ್ರಗಳಿಗೆ ಗಾಳಿ ಅಳೆಯುವ ಕಡ್ಡಿ ಚುಚ್ಚಿದ.

"ಅಜ್ಜಿ, ಚಳೀಲಿ ಎಂಜಿನ್ ಆಯಿಲ್ ಗಟ್ಟಿಯಾಗುತ್ತೆ. ತಿರುಗೋಕೇ ಕಷ್ಟಪಡುತ್ತೆ. ಎಂಜಿನ್ ತಣ್ಣಗಿರೋವರೆಗೆ ಪೆಟ್ರೋಲು ಜಾಸ್ತಿ ಕುಡಿಯುತ್ತೆ. ಇವರದು ನಿಂತು ನಿಂತು ಹೋಗೋ ಗಾಡಿ. ಬಿಸಿಯಾಗೋಷ್ಟರಲ್ಲಿ ಆರಿಸ್ತಾರೆ, ಮತ್ತೆ ತಣ್ಣಗಾಗುತ್ತೆ. ಟೈರು ನೋಡಿ, ಚಳಿಗೆ ಒಳಗಿನ ಗಾಳಿ ಕುಗ್ಗಿ ಮೆತ್ತಗಾಗಿದೆ. ಅದನ್ನ ಎಳೆಯೋದಕ್ಕೂ ಪೆಟ್ರೋಲು ಬೇಕು."

"ಹಾಗಾದ್ರೆ ಹದಿನಾರು ಹತ್ತಾಗೋದು ಸರೀನೇ ಅಂತ ಬರೆದುಕೊಡು," ಎಂದೆ.

ಅವನು ತಲೆ ಕೆರೆದುಕೊಂಡ. ಕೂದಲೂ ಕಪ್ಪಾಯಿತು. "ಹದಿನಾರು ಹದಿಮೂರಾಗಬಹುದು ಅಜ್ಜಿ. ಹತ್ತು ಅಂದ್ರೆ ಜಾಸ್ತೀನೇ ಆಯ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಗಾಡೀನ ಹಾಗೇ ಬಿಟ್ಟಿರ್ತೀರಾ?"

ನಾನು ಹೆಮ್ಮೆಯಿಂದ ಬಾಯಿ ತೆರೆದೆ. ಅಷ್ಟರಲ್ಲಿ ಸೊಸೆ, "ಇಲ್ಲ," ಎಂದಳು. ನನ್ನ ಕಡೆ ನೋಡಲೂ ಇಲ್ಲ.

"ಬಿಟ್ರೆ ಏನಾಗುತ್ತೆ?" ಎಂದು ಕೇಳಿದೆ.

"ಏನಾಗುತ್ತೆ, ಎಂಜಿನ್ ಪೆಟ್ರೋಲು ಕುಡೀತಾನೇ ಇರುತ್ತೆ, ಚಕ್ರ ತಿರುಗಲ್ಲ. ಲೀಟರಿಗೆ ಸೊನ್ನೆ ಕಿಲೋಮೀಟರ್."

"ಎಂಜಿನ್ ಬಿಸಿ ಮಾಡ್ಕೋಬೇಡ್ವೇನಯ್ಯ?"

"ಅರ್ಧ ನಿಮಿಷ ಸಾಕು. ಆಮೇಲೆ ನಿಧಾನಕ್ಕೆ ಓಡಿಸ್ತಾ ಹೋದ್ರೆ ಅದೇ ಬೇಗ ಬಿಸಿಯಾಗುತ್ತೆ."

"ಅರ್ಧ ಗಂಟೆ, ಮುಕ್ಕಾಲು ಗಂಟೆ ಬಿಟ್ರೆ?"

"ಯಾವ ಹುಚ್ಚ ಬಿಡ್ತಾನೆ ಅಜ್ಜಿ?"

ಈ ಮೆಕ್ಯಾನಿಕ್‌ಗಳಿಗೆ ದೊಡ್ಡವರ ಮುಂದೆ ಹೇಗೆ ಮಾತಾಡಬೇಕೆಂದು ಯಾರೂ ಕಲಿಸಿಲ್ಲ.

ಜನವರಿ ೧೭, ಶನಿವಾರ

ಮನೆಯೊಳಗೆ ಕೂತು ಬರೆಯುತ್ತಿದ್ದೇನೆ. ಬೆರಳು ಮಡಚುತ್ತಿಲ್ಲ. ಇಷ್ಟು ಸಾಕು.

ಜನವರಿ ೨೦, ಮಂಗಳವಾರ

ಮೂರು ದಿನದಿಂದ ಸೊಸೆ ತಾನೇ ಕಾರು ಹಚ್ಚಿಕೊಂಡು ಹೋಗುತ್ತಿದ್ದಾಳೆ. ನೀವೇಕೆ ಹಚ್ಚಲಿಲ್ಲ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ನಿನ್ನೆ ಬೆಳಿಗ್ಗೆ ಎದ್ದಾಗ ನನ್ನ ಕಾಲ ಬುಡದಲ್ಲಿ ಬಿಸಿನೀರಿನ ರಬ್ಬರ್ ಚೀಲ ಇತ್ತು. ಯಾರು ಇಟ್ಟರೋ.

ಹದಿಮೂರರಿಂದ ಹತ್ತಕ್ಕೆ ಇಳಿದ ಮೂರು ಕಿಲೋಮೀಟರಿನ ಲೆಕ್ಕ ನನ್ನ ತಲೆಯಲ್ಲಿ ಕೂತು ಮೇಲೇಳುತ್ತಿಲ್ಲ. ಆದರೆ ಹದಿನಾರರಿಂದ ಹದಿಮೂರಕ್ಕೆ ಇಳಿದ ಮೂರು ಚಳಿಯದು. ಅದಕ್ಕೂ ಇವಳನ್ನೇ ಕಳ್ಳಿ ಎನ್ನುತ್ತಿದ್ದಾರಲ್ಲ, ಅದನ್ನಾದರೂ ಬಿಡಿಸಬೇಕು. ಇವತ್ತು ಒಬ್ಬಳೇ ಆಫೀಸಿಗೆ ಹೋದೆ. ಲೀಟರ್ ಸಾಹೇಬನ ಕೋಣೆಯಲ್ಲಿ ಹೀಟರ್ ಎರಡಿವೆ, ಒಂದು ಕಾಲಿಗೆ, ಒಂದು ಬೆನ್ನಿಗೆ.

"ನೀವು ಮಧ್ಯಾಹ್ನ ಓಡಿಸಿದ್ದು ಪರೀಕ್ಷೆಯಲ್ಲ, ಸವಾರಿ," ಎಂದೆ. "ನನ್ನ ಸೊಸೆ ಹೊರಡೋ ಹೊತ್ತಿಗೆ, ಅವಳು ಹೋಗೋ ದಾರೀಲಿ, ಹದಿನಾಲ್ಕು ಕಡೆ ನಿಲ್ಲಿಸಿ ಓಡಿಸಿ ನೋಡಿ."

"ಆರು ಗಂಟೆಗಾ ಅಜ್ಜಿ? ಅಷ್ಟು ಬೇಗ ನಮ್ಮ ಆಫೀಸು ತೆಗೆಯಲ್ಲ."

"ಆಫೀಸು ಬೇಡ, ನೀವು ಕಣ್ಣು ತೆಗೆದ್ರೆ ಸಾಕು."

ಪಕ್ಕದ ಮೇಜಿನವರು ನಕ್ಕರು. ಅವರು ನಕ್ಕಿದ್ದರಿಂದ ಸಾಹೇಬ ಒಪ್ಪಲೇಬೇಕಾಯಿತು.

ಜನವರಿ ೨೨, ಗುರುವಾರ

ಸಾಹೇಬ ಬಂದ. ಸ್ವೆಟರ್ ಮೂರಾಗಿತ್ತು. ಟ್ಯಾಂಕು ತುಂಬಿಸಿಕೊಂಡೇ ಹೊರಟೆವು. ಅವನು ಮುಂದೆ, ನಾನು ಹಿಂದೆ ರಕ್ತದ ಡಬ್ಬದ ಪಕ್ಕ.

ಎರಡನೇ ಮನೆಗೆ ಹೀಟರ್ ಹಾಕು ಎಂದ. ನಾಲ್ಕನೇ ಮನೆಗೆ, "ನೀನು ಒಳಗೆ ಹೋಗಿ ಬಾರಮ್ಮ, ಎಂಜಿನ್ ಆನ್ ಇರಲಿ, ಕಾಲು ಸೆಟೆದುಕೊಳ್ತಿದೆ," ಎಂದ.

"ಕಬ್ಬಿಣಕ್ಕೆ ಚಳಿ ಆಗಲ್ಲ ಅಂದ್ರಲ್ಲ ಸಾಹೇಬ್ರೇ," ಎಂದೆ.

"ನಾನು ಕಬ್ಬಿಣ ಅಲ್ವಲ್ಲ ಅಜ್ಜಿ."

"ಅದೇ ಸಂತೋಷ. ನಿಮ್ಮ ಪುಸ್ತಕದಲ್ಲಿ ಅದನ್ನೂ ಬರ್ಕೊಳ್ಳಿ."

ಬೇರೆ ದಿನವಾಗಿದ್ದರೆ ಇನ್ನೂ ನಾಲ್ಕು ಬಿಗಿಯುತ್ತಿದ್ದೆ. ಆದರೆ ಮುಂದಿನ ಸೀಟಿನಲ್ಲಿ ಮುದುಡಿ ಕೂತು, ಬೆಚ್ಚಗಿನ ಗಾಳಿಗೆ ಪಾದ ಒಡ್ಡಿ, ಕಣ್ಣು ಅರ್ಧ ಮುಚ್ಚಿದ ಅವನನ್ನು ನೋಡಿ ನನಗೆ ನಗು ಬರಲಿಲ್ಲ.

ಮುಗಿಸಿ ಬಂದು ಮತ್ತೆ ಟ್ಯಾಂಕು ತುಂಬಿಸಿದರು. ಲೀಟರಿಗೆ ಹದಿಮೂರು ಬಂತು. ಸಾಹೇಬ ಎರಡು ಬಾರಿ ಗುಣಿಸಿ, ಭಾಗಿಸಿ ನೋಡಿದ.

"ಸರಿ. ಮೂರು ಕಿಲೋಮೀಟರ್ ಚಳಿ ತಿಂತು ಅಂತ ಒಪ್ಪೋಣ. ಹೋದ ತಿಂಗಳು ಹತ್ತು ಬಂದಿದೆಯಲ್ಲಮ್ಮ. ಉಳಿದ ಮೂರು ಎಲ್ಲಿ ಹೋಯ್ತು?"

"ಗೊತ್ತಿಲ್ಲ ಸರ್," ಎಂದಳು ಸೊಸೆ.

"ಹಾಗಂದ್ರೆ ನಾನು ಬಿಡೋ ಹಾಗಿಲ್ಲ. ಮೂವತ್ತೊಂದಕ್ಕೆ ಸಹಿ ಹಾಕಿ ಕೊಟ್ಟುಬಿಡು."

ಅವಳು ಡಬ್ಬದ ಮುಚ್ಚಳ ನೋಡುತ್ತಿದ್ದಳು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಹೊರಗೆ ಏನೂ ಇರಲಿಲ್ಲ, ಒಂದು ಗೋಡೆ ಇತ್ತು. ಪೂರ್ತಿ ಗೋಡೆ ನೋಡಿದೆ.

ಜನವರಿ ೨೪, ಶನಿವಾರ

ಮಧ್ಯಾಹ್ನ ಅವಳು ಬಟಾಣಿ ಸುಲಿಯುತ್ತಿದ್ದಳು. ನಾನೂ ಎದುರಿಗೆ ಕೂತು ಕೈ ಹಾಕಿದೆ. ಅರ್ಧ ಬುಟ್ಟಿ ಮುಗಿಯಿತು.

"ನಿನಗೆ ಗೊತ್ತಿತ್ತಾ?" ಎಂದೆ.

"ಏನತ್ತೆ?"

"ನಾಟಕ ಆಡಬೇಡ. ನಾನು ಐದಕ್ಕೇ ಹೋಗಿ ಕಾರಲ್ಲಿ ಕೂರ್ತಿದ್ದಿದ್ದು."

"ಕಾರು ನಿಲ್ಲೋದು ನಮ್ಮ ಕೋಣೆ ಕಿಟಕಿ ಕೆಳಗೆ. ನಾನೇನು ಕಿವುಡಿಯಾ?"

"ಮತ್ತೆ ಇಷ್ಟು ದಿನ ಬಾಯಲ್ಲಿ ಏನು ಇಟ್ಕೊಂಡಿದ್ದೆ?"

ಅವಳು ಒಂದು ಕಾಯಿ ಬಿಡಿಸಿದಳು. ಒಳಗೆ ಎರಡೇ ಕಾಳಿತ್ತು. "ಅಷ್ಟು ಕುಡಿಯುತ್ತೆ ಅಂತ ನನಗೂ ಗೊತ್ತಿರಲಿಲ್ಲ. ಕಾಗದ ಬಂದ ಮೇಲೆ ಹೇಳೋಣ ಅಂತ ಎರಡು ಸಲ ಹೊರಗೆ ಬಂದೆ. ನೀವು ಕನ್ನಡಕ ಹಾಕ್ಕೊಂಡು, ಕಾಲು ಚಾಚಿ, ಏನೋ ಬರೀತಾ ಕೂತಿದ್ರಿ. ಇಡೀ ದಿನದಲ್ಲಿ ಆ ಮುಕ್ಕಾಲು ಗಂಟೆ ನಿಮ್ಮ ಮುಖ ನೋಯ್ತಿರೋ ಹಾಗೆ ಕಾಣ್ತಿರಲಿಲ್ಲ. ವಾಪಸ್ ಬಂದುಬಿಟ್ಟೆ."

"ಅಷ್ಟಕ್ಕೆ ಕಳ್ಳಿ ಅನ್ನಿಸ್ಕೊಳ್ತೀಯಾ? ನಿನಗೆ ಬುದ್ಧಿ ಇದೆಯಾ?"

"ಮಂಡಿನೋವಿನವರ ರಕ್ತ ದಿನಾ ತೆಗೀತೀನಿ ಅತ್ತೆ. ಅವರು ಹೇಗೆ ಎದ್ದು ಕೂರ್ತಾರೆ ಅಂತ ನೋಡಿದೀನಿ."

ಜೋರಾಗಿ ಬೈದೆ. ಬೈಯಲು ಬೇಕಾದಷ್ಟು ಇತ್ತು. ಇಂಥ ಮೂಕ ಪ್ರಾಣಿಯನ್ನು ಯಾವ ಸಂತೆಯಿಂದ ತಂದೆವೋ ಎಂದೆ. ಬಾಯಿ ಇದ್ದೂ ಆಡದವಳನ್ನು ಕಂಡರೆ ನನಗಾಗುವುದಿಲ್ಲ ಎಂದೆ. ಈಗಲೇ ಹೋಗಿ ಆ ಸಾಹೇಬನಿಗೆ ಎಲ್ಲ ಹೇಳುತ್ತೇನೆಂದು ಎದ್ದೆ. ಎದ್ದೇಳಲು ಗೋಡೆ ಹಿಡಿಯಬೇಕಾಯಿತು.

"ಹೇಳಬೇಡಿ ಅತ್ತೆ. ಆಫೀಸಿನ ಕೀ ಮನೆಯವರ ಕೈಗೆ ಕೊಟ್ಟವಳು ನಾನು. ಅವರ ನ್ಯಾಯದಲ್ಲಿ ಅದು ಪೆಟ್ರೋಲಿಗಿಂತ ದೊಡ್ಡ ತಪ್ಪು. ಆವಾಗಲೂ ಕೆಲಸ ಹೋಗುತ್ತೆ, ಜೊತೆಗೆ ನಿಮ್ಮ ಹೆಸರೂ ಹಾಳಾಗುತ್ತೆ. ಸಹಿ ಹಾಕಿಬಿಡ್ತೀನಿ."

ನನ್ನ ಹೆಸರಂತೆ. ಈ ಬೀದಿಯಲ್ಲಿ ನನ್ನನ್ನು ಯಾವ ಹೆಸರಿನಿಂದ ಕರೆಯುತ್ತಾರೆಂದು ಅವಳಿಗೆ ಗೊತ್ತಿಲ್ಲವೇ?

ಕೈಗವಸು ಒಂದು ಮುಗಿದಿದೆ. ಇನ್ನೊಂದರ ಹೆಬ್ಬೆರಳು ಸ್ವಲ್ಪ ಉದ್ದವಾಯಿತು. ಹಾಕಿಕೊಳ್ಳಲಿ.

ಜನವರಿ ೨೭, ಮಂಗಳವಾರ

ಮನೆಯೊಳಗೆ, ಎರಡು ಸೀರೆ ಸುತ್ತಿಕೊಂಡು, ಒಂದು ಕಾಗದ ಬರೆದೆ. ತಪ್ಪಿಲ್ಲದೆ ಬರೆಯಲು ನಾಲ್ಕು ಹಾಳೆ ಹಿಡಿಯಿತು. ನಾಳೆ ನಾನೇ ಹೋಗಿ ಅವನ ಮೇಜಿನ ಮೇಲೆ ಇಡುತ್ತೇನೆ. ಏನು ಬರೆದೆನೆಂದು ಮರೆಯಬಾರದು, ಹಾಗಾಗಿ ಇಲ್ಲಿಯೂ ಇಳಿಸಿಕೊಂಡಿದ್ದೇನೆ.

"ಲೀಟರ್ ಸಾಹೇಬರಿಗೆ,

ನೀವು ಹುಡುಕುತ್ತಿರುವ ಮೂರು ಕಿಲೋಮೀಟರ್ ನನ್ನ ಹತ್ತಿರ ಇವೆ. ಚಳಿ ಶುರುವಾದ ದಿನದಿಂದ ಜನವರಿ ಹದಿನಾರನೇ ತಾರೀಖಿನವರೆಗೆ, ಬೆಳಿಗ್ಗೆ ಮುಕ್ಕಾಲು ಗಂಟೆ, ಕೆಲವು ದಿನ ಅದಕ್ಕಿಂತ ಹೆಚ್ಚು, ನಿಮ್ಮ ಕಾರನ್ನು ನಿಂತಲ್ಲೇ ಓಡಿಸಿ, ಹೀಟರ್ ಹಾಕಿಕೊಂಡು, ಒಳಗೆ ಕೂತು ಕಾಲು ಕಾಯಿಸಿಕೊಂಡವಳು ನಾನು. ಮೆಕ್ಯಾನಿಕ್‌ನನ್ನು ಕೇಳಿ, ನಿಂತ ಕಾರು ಎಷ್ಟು ಕುಡಿಯುತ್ತದೆಂದು ಅವನು ಹೇಳುತ್ತಾನೆ. ಆಮೇಲೆ ಗುಣಿಸಿ ನೋಡಿ. ಸರಿಹೊಂದದಿದ್ದರೆ ಮತ್ತೆ ಗುಣಿಸಿ.

ಕೀ ನನಗೆ ಯಾರೂ ಕೊಡಲಿಲ್ಲ. ಸೊಸೆ ಮಲಗಿದ್ದಾಗ ಮೊಳೆಯಿಂದ ನಾನೇ ತೆಗೆದುಕೊಂಡೆ, ಅವಳು ಏಳುವ ಮೊದಲು ಅಲ್ಲೇ ನೇತುಹಾಕಿದೆ. ಅವಳಿಗೆ ಏನೂ ಗೊತ್ತಿಲ್ಲ, ಇಡೀ ದಿನ ದುಡಿದು ಬಂದು ಕೊರಡಿನ ಹಾಗೆ ಮಲಗುತ್ತಾಳೆ. ಬೀಗದ ಕೈ ಕದ್ದವಳು ನಾನು, ಪೆಟ್ರೋಲು ಸುಟ್ಟವಳು ನಾನು. ನಿಮ್ಮ ಪುಸ್ತಕದಲ್ಲಿ ಕಳ್ಳಿ ಎಂದು ಬರೆಯುವುದಿದ್ದರೆ 'ಮಂಚದಡಿ ಒಂದು ಡಬ್ಬಿ' ಎಂದದ್ದರ ಪಕ್ಕದಲ್ಲೇ, 'ಮಂಚದ ಮೇಲೆ ಒಬ್ಬ ಕಳ್ಳಿ' ಎಂದು ಬರೆದುಕೊಳ್ಳಿ.

ನನ್ನನ್ನು ಕೆಲಸದಿಂದ ತೆಗೆಯಲು ನಿಮಗೆ ಬರುವುದಿಲ್ಲ, ನಾನು ನಿಮ್ಮಲ್ಲಿ ಕೆಲಸಕ್ಕಿಲ್ಲ. ಅವಳನ್ನು ತೆಗೆಯಲು ನಿಮಗೆ ಕಾರಣವಿಲ್ಲ. ಅವಳು ಹದಿನಾಲ್ಕು ಮನೆಯಲ್ಲೂ ಎಂಜಿನ್ ಆರಿಸಿ ಇಳಿಯುತ್ತಾಳೆ. ಕೈ ನೀಲಿಯಾದರೂ ಹೀಟರ್ ಹಾಕುವುದಿಲ್ಲ. ಆ ದಿನ ಆರಿಸಬೇಡ ಎಂದವರು ಯಾರೆಂದು ನನಗೂ ಗೊತ್ತು, ನಿಮಗೂ ಗೊತ್ತು, ಪಕ್ಕದ ಮೇಜಿನವರಿಗೆ ಇನ್ನೂ ಗೊತ್ತಿಲ್ಲ.

ಅವಳ ಕೈಗೆ ಸಹಿಗೆಂದು ಕೊಟ್ಟಿರುವ ಕಾಗದವನ್ನು ಹಿಂದಕ್ಕೆ ಪಡೆಯಿರಿ. ಅವಳಿಗೆ ಒಂದು ಸಾಲು ಬರೆದುಕೊಡಿ, ತಪ್ಪು ನಿನ್ನದಲ್ಲ ಎಂದು. ಮಳೆಗಾಲದ ಕಾರನ್ನು ಚಳಿಗಾಲದ ಕಾರಿನ ಪಕ್ಕ ನಿಲ್ಲಿಸಿ ಅಳೆಯುವುದನ್ನು ನಿಲ್ಲಿಸಿ. ಜನವರಿಯನ್ನು ಜನವರಿಯ ಜೊತೆಗೇ ಅಳೆಯಿರಿ.

ಫೆಬ್ರವರಿ ಹುಟ್ಟುವ ಮೊದಲು ಉತ್ತರ ಬರೆಯಿರಿ. ಬಾಯಿಮಾತು ಬೇಡ, ಕೈಬರಹದಲ್ಲಿ ಬರಲಿ. ಸೊಸೆಯ ಹೆಸರಿಗೆ ಕಳಿಸಬೇಡಿ, ಅವಳು ಓದಿ ಮಡಿಚಿಟ್ಟುಬಿಡುತ್ತಾಳೆ. ನನ್ನ ಹೆಸರಿಗೆ ಕಳಿಸಿ."